ಜಿನಸಿ ನಂಬರು ನಲವತ್ತೇಳು

ಚಮೇಲಿ ದರ್ಬಾರಿನ ಬೀಗದ ಕೈಗಳು ನನ್ನ ಸೊಂಟದಲ್ಲಿವೆ,
ಮೂವತ್ತೊಂದು. ಅದರಲ್ಲಿ ಒಂಬತ್ತಕ್ಕೆ ಬಾಗಿಲಿಲ್ಲ.
ಭೂಕಂಪದಲ್ಲಿ ಬಾಗಿಲು ಹೋದವು, ಕೈ ಉಳಿದವು.
ಲೆಕ್ಕದಲ್ಲಿವೆ, ಹೊರುತ್ತೇನೆ.

ಹತ್ತು ಗಂಟೆಗೆ ಕಠ್ಮಂಡುವಿನ ದೂಳೆಲ್ಲ
ಕಂಕುಳಲ್ಲಿ ಫೈಲು ಅವುಚಿಕೊಂಡು ಬರುತ್ತದೆ.
ಕೇಳಿದವರಿಗೆ ಹೇಳುತ್ತೇನೆ:
ನಾಚಘರದಲ್ಲಿ ಕಂದಾಯ,
ಅಂತಃಪುರದಲ್ಲಿ ಮೋಜಣಿ,
ಹಳೆಯ ದಾಖಲೆಯೋ? ಬಚ್ಚಲಿಗೆ ಹೋಗಿ.
ನಗಬೇಡಿ. ಅಮೃತಶಿಲೆಯ ತೊಟ್ಟಿ,
ಮಹಾರಾಣಿ ಕೇಸರಿ ಹಾಲಿನಲ್ಲಿ ಮೀಯುತ್ತಿದ್ದಳಂತೆ.
ಈಗ ಚೋಭಾರದ ಗದ್ದೆಗಳು
ಕುತ್ತಿಗೆಮಟ್ಟ ಮುಳುಗಿ ಕೂತಿವೆ ಅದರಲ್ಲಿ,
ಎಂದೋ ಮನೆಗಳಾಗಿಹೋದ ಗದ್ದೆಗಳು.

ನಾಚಘರಕ್ಕೆ ಅಡ್ಡ ಪ್ಲೈವುಡ್ ಹಾಕಿದಾಗ
ಅದು ಸರಿಯಾಗಿ ದೀಪದ ಗೊಂಚಲಿಗೇ ಬಂತು.
ಬಡಗಿ ತಲೆ ಕೆರೆದುಕೊಂಡ, ಆಮೇಲೆ
ರೊಟ್ಟಿ ಕಚ್ಚಿದ ಹಾಗೆ ಪ್ಲೈವುಡ್ಡನ್ನೇ ಕೊರೆದ.
ಅರ್ಧ ಬೆಲ್ಜಿಯಂ ಕಂದಾಯಕ್ಕೆ, ಅರ್ಧ ನೋಂದಣಿಗೆ.
ಒರೆಸುವವರು ಯಾರು ಎಂಬ ಪತ್ರವ್ಯವಹಾರ
ಹದಿನಾಲ್ಕು ವರ್ಷದಿಂದ ನಡೆದಿದೆ.
ಜೇಡ ಮಾತ್ರ ಎರಡೂ ಶಾಖೆಯಲ್ಲಿ ಕೆಲಸಕ್ಕಿದೆ.

ಮೆಟ್ಟಿಲ ತಿರುವಿನಲ್ಲಿ ಕನ್ನಡಿ.
ಎರಡು ಆಳೆತ್ತರ, ಚೌಕಟ್ಟಿಗೆ ಚಿನ್ನದ ಬಳ್ಳಿ,
ಮೂಲೆಯಲ್ಲಿ ಕೆಂಪು ಬಣ್ಣದಲ್ಲಿ ಬರೆದಿದೆ: ಜಿನಸಿ ೪೭.
ದಫ್ತರದಲ್ಲಿ, 'ಕನ್ನಡಿ ದೊಡ್ಡದು, ಒಂದು. ಸ್ಥಿತಿ: ಬಿರುಕು.'
ಬಿರುಕು ಆ ವೈಶಾಖದ ಶನಿವಾರದ್ದು.
ರಜೆಯಿತ್ತು, ಹಾಗಾಗಿ ನಾವೆಲ್ಲ ಉಳಿದೆವು.
ಮರುವಾರ ಎಂಜಿನಿಯರು ಗೋಡೆ ತಟ್ಟಿ, ಕಿವಿಗೊಟ್ಟು,
ಹಳದಿ ಚೀಟಿ ಅಂಟಿಸಿ ಹೋದ.
ಕೆಂಪೆಂದರೆ ಬೀಳುತ್ತದೆ,
ಹಸಿರೆಂದರೆ ಬೀಳುವುದಿಲ್ಲ,
ಹಳದಿಯೆಂದರೆ ಸರ್ಕಾರಿ ಕೆಲಸ.

ಮಾರ್ಗಶಿರದ ಚಳಿಯಲ್ಲಿ ಬಂದವಳು ಸುಕ್‌ಮಾಯಾ ಗೋಲೆ,
ಮಕ್ವಾನ್‌ಪುರದ ಕಡೆಯವಳು, ಮೂಗಿನಲ್ಲಿ ಬುಲಾಕು.
ಸತ್ತ ಗಂಡ ಕೊಂಡಿದ್ದ ಮೂರಾಣೆ ನೆಲ
ತನ್ನ ಹೆಸರಿಗಾಗಬೇಕು.
ಗುಮಾಸ್ತೆ ತೀರ್ಥಲಕ್ಷ್ಮಿ ತುಲಾಧರ್ ಫೋಟೋ ಹಿಂದೆ ಸರಿಸಿದಳು:
'ಕಿವಿ ಎರಡೂ ಕಾಣಬೇಕು ದೀದಿ.
ಸರ್ವರ್ ಕೂಡ ಇಲ್ಲ. ಕೂತಿರಿ.'

ಕೂರಲಿಲ್ಲ. ಕನ್ನಡಿಯ ಮುಂದೆ ನಿಂತಳು.
ಕೂದಲು ಸರಿಸಿ ಕಿವಿ ನೋಡಿಕೊಳ್ಳುತ್ತಾಳೆ ಅಂದುಕೊಂಡೆ.
'ಇದು ಭೀಮ್‌ಫೇದಿ ದಾರಿಯಲ್ಲಿ ಬಂದದ್ದೋ?'
ಎಲ್ಲವೂ ಆ ದಾರಿಯಲ್ಲೇ ಬಂದದ್ದು ತಾಯಿ,
ಮೋಟಾರೇ ಮನುಷ್ಯರ ಮೇಲೆ ಸವಾರಿ ಮಾಡಿ
ಚಂದ್ರಾಗಿರಿ ಹತ್ತಿಳಿದ ಕಾಲ.

'ನಮ್ಮ ಮುತ್ತಜ್ಜ ಒಂದನ್ನ ಹೊತ್ತಿದ್ದನಂತೆ,' ಅಂದಳು.
'ಇಪ್ಪತ್ತೆರಡು ಜನ. ಹುಲ್ಲು ಸುತ್ತಿ, ಕಂಬಳಿ ಹೊದಿಸಿ,
ಹಸಿ ಬಾಣಂತಿಯ ಹಾಗೆ.
ನೆತ್ತಿಯ ಗಾಳಿಗೆ ಹುಲ್ಲು ಜಾರಿತಂತೆ.
ಮುತ್ತಜ್ಜ ಅಲ್ಲಿಯತನಕ ತನ್ನ ಮೋರೆ ಕಂಡವನಲ್ಲ.
ಎದುರಿಂದ ಯಾರೋ ಹೆಗಲು ಕೊಡಲು ಬರುತ್ತಿದ್ದಾನೆ
ಅಂದುಕೊಂಡನಂತೆ. ಎಷ್ಟು ನಡೆದರೂ
ಅವನು ಬಂದು ಮುಟ್ಟಲಿಲ್ಲ.'

ಇದೇ ಕನ್ನಡಿಯೋ, ನನಗೇನು ಗೊತ್ತು.
ದಫ್ತರದಲ್ಲಿ ಹೊತ್ತವರಿಗೆ ಕಾಲಮ್ಮಿಲ್ಲ.
ಅವಳು ಮಾತ್ರ ಚೌಕಟ್ಟಿನ ಹಿಂದೆ ಕೈ ತೂರಿಸಿ,
ರಸ ಬಳಿಯದ, ಯಾವ ರಾಣಿಯೂ ನೋಡದ ಮಗ್ಗುಲನ್ನು
ಎತ್ತಿನ ಹಿಣಿಲು ತಡವಿದ ಹಾಗೆ ತಡವಿದಳು.
ಹೆಬ್ಬೆಟ್ಟು ಒತ್ತಲು ಬಂದವಳ ಕೈಗೆ
ಒತ್ತುವ ಮೊದಲೇ ಮಸಿ.

ಸರ್ವರ್ ಅಂದು ಬರಲಿಲ್ಲ. 'ಭಾನುವಾರ ಬನ್ನಿ.'
ಗುಮಾಸ್ತೆ ಶಾಲು ಹೊದ್ದು, 'ದೀಪ ಆರಿಸಿ ದಿಲ್‌ಮಾನ್' ಅಂದು ಹೋದಳು.

ರಾತ್ರಿ ಟಾರ್ಚು ಹಿಡಿದು ಮೆಟ್ಟಿಲು ಹತ್ತುವಾಗ
ಎದುರಿಂದ ಒಬ್ಬ ಇಳಿದು ಬರುತ್ತಾನೆ, ಬಿರುಕಿನ ಆಚೆ,
ಅವನ ಸೊಂಟವೂ ಜೋತಿದೆ.
ವರ್ಷಗಟ್ಟಲೆ ಮಾತಾಡಿಸಿರಲಿಲ್ಲ.
ಈಗ ಹೇಳಿ ನೋಡುತ್ತೇನೆ:
ಬಾರಯ್ಯ, ಇಷ್ಟು ಹತ್ತಿರ ಬಂದಿದ್ದೀ,
ಈ ಒಂಬತ್ತನ್ನಾದರೂ ಹಿಡಿದುಕೋ.